ನಕ್ಷೆ ಚಿಕ್ಕದಿರಲಿ, ದಿನ ಹೆಚ್ಚಿರಲಿ

ತ್ಯಾಗರಾಜನಗರದಿಂದ ಆಲ್ಪ್ಸ್‌ಗೆ: ಇಬ್ಬರೇ, ಬಾಡಿಗೆ ಕಾರಿನಲ್ಲಿ, ಕೈಗೆಟುಕುವ ಖರ್ಚಿನಲ್ಲಿ

ತ್ಯಾಗರಾಜನಗರ, ಎನ್.ಆರ್. ಕಾಲೊನಿ, ಬಸವನಗುಡಿಯ ಮನೆಗಳಿಗೆ ಯುರೋಪ್ ಈಗ ದೂರದ ಮಾತಾಗಿ ಉಳಿದಿಲ್ಲ. ಒಬ್ಬರ ಮಗ ಮ್ಯೂನಿಕ್‌ನಲ್ಲಿದ್ದರೆ ಇನ್ನೊಬ್ಬರ ಸೊಸೆಯ ತಮ್ಮ ಫ್ರಾಂಕ್‌ಫರ್ಟ್‌ನಲ್ಲಿರುತ್ತಾನೆ. ಕೆಂಪೇಗೌಡ ವಿಮಾನ ನಿಲ್ದಾಣದಿಂದ ಫ್ರಾಂಕ್‌ಫರ್ಟ್, ಮ್ಯೂನಿಕ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್‌ಗಳಿಗೆ ನೇರ ವಿಮಾನಗಳಿವೆ. ಜರ್ಮನಿ ಮತ್ತು ಫ್ರಾನ್ಸ್‌ನ ಕಾನ್ಸುಲೇಟ್ ಕಚೇರಿಗಳು ನಮ್ಮ ಊರಿನಲ್ಲೇ ಇವೆ. ಆದರೂ ‘ಒಂದು ಸಲ ಯುರೋಪ್ ನೋಡಿಕೊಂಡು ಬರೋಣ’ ಎಂದು ಗಂಡ ಹೆಂಡತಿ ಮಾತಾಡಿಕೊಂಡ ಕೂಡಲೇ ಕಣ್ಣೆದುರು ಬರುವುದು ಟೂರ್ ಪ್ಯಾಕೇಜಿನ ಬಣ್ಣದ ಕರಪತ್ರ: ಹನ್ನೆರಡು ದಿನ, ಏಳೆಂಟು ದೇಶ, ಬಸ್ಸಿನ ತುಂಬ ಜನ.

ಗುಂಪಿನ ಪ್ರವಾಸಕ್ಕೆ ಅದರದೇ ಅನುಕೂಲಗಳಿವೆ. ವೀಸಾ ಕಾಗದಗಳನ್ನು ಅವರೇ ನೋಡಿಕೊಳ್ಳುತ್ತಾರೆ, ಊಟದ ಚಿಂತೆಯಿಲ್ಲ, ಭಾಷೆಯ ಅಂಜಿಕೆಯಿಲ್ಲ. ಆದರೆ ಪ್ಯಾರಿಸ್‌ನಿಂದ ರೋಮ್‌ಗೆ ರಸ್ತೆಯಲ್ಲಿ ಸುಮಾರು 1,400 ಕಿಲೋಮೀಟರ್. ನಡುವೆ ಇನ್ನೂ ಮೂರು ದೇಶಗಳನ್ನು ಮುಟ್ಟಿ ಬರುವ ಬಸ್ಸಿನಲ್ಲಿ ಕೂತವರು ನೋಡುವುದಕ್ಕಿಂತ ಹೆಚ್ಚು ಹೊತ್ತು ಪ್ರಯಾಣ ಮಾಡುತ್ತಾರೆ. ಕೆರೆಯ ದಂಡೆಯೊಂದು ಇಷ್ಟವಾಯಿತು, ಇಲ್ಲೇ ಇನ್ನೊಂದು ದಿನ ಇರೋಣ ಎನ್ನುವ ಹಾಗಿಲ್ಲ.

ಇಬ್ಬರೇ ಕಾರು ಬಾಡಿಗೆಗೆ ಹಿಡಿದು, ಬೇಕೆಂದಲ್ಲಿ ನಿಂತು, ಖರ್ಚು ಕೈಮೀರದ ಹಾಗೆ ತಿರುಗಿ ಬರಲು ಸಾಧ್ಯ. ಅದಕ್ಕೆ ನಾನು ನಂಬಿರುವ ದಾರಿ ಒಂದೇ: ದೇಶಗಳನ್ನು ಇಳಿಸಿ, ದಿನಗಳನ್ನು ಏರಿಸಿ. ವೀಸಾ, ವಿಮಾನ, ಕಾರು, ಮೊದಲ ಮತ್ತು ಕೊನೆಯ ರಾತ್ರಿಯ ಕೋಣೆ, ಇಷ್ಟನ್ನು ಗಟ್ಟಿ ಮಾಡಿಕೊಂಡರೆ ಉಳಿದುದನ್ನು ಸಡಿಲ ಬಿಡಬಹುದು. ನಕ್ಷೆ ಚಿಕ್ಕದಾದಷ್ಟೂ ಖರ್ಚು ಇಳಿಯುತ್ತದೆ, ಮನಸ್ಸು ಬದಲಾಯಿಸುವ ಸ್ವಾತಂತ್ರ್ಯ ಹೆಚ್ಚುತ್ತದೆ.

ಕನ್ನಡದ ಓದುಗರಿಗೆ ಯುರೋಪ್ ಅಪರಿಚಿತವಲ್ಲ. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’, ನೇಮಿಚಂದ್ರ ಅವರ ‘ಒಂದು ಕನಸಿನ ಪಯಣ’ ಆ ನೆಲದಲ್ಲಿ ತಿರುಗಾಡಿ ಬರೆದ ಪುಸ್ತಕಗಳು. ಹೊರಡುವ ಮುನ್ನ ಗಾಂಧಿ ಬಜಾರಿನ ಪುಸ್ತಕದಂಗಡಿಗಳಲ್ಲಿ ಕೇಳಿ ನೋಡಿ. ಎಲ್ಲಿಗೆ ಹೋಗಬೇಕೆಂದು ಮೊಬೈಲ್ ಹೇಳೀತು. ಹೋದಲ್ಲಿ ಹೇಗೆ ನೋಡಬೇಕೆಂದು ಕಲಿಸುವುದು ಇಂಥ ಪುಸ್ತಕಗಳೇ.

ಅವರ ಬೇಸಿಗೆ, ನಮ್ಮ ಮಳೆಗಾಲ

ನಮ್ಮ ಬೇಸಿಗೆ ರಜೆ ಏಪ್ರಿಲ್, ಮೇ. ಆ ಹೊತ್ತಿಗೆ ಆಲ್ಪ್ಸ್‌ನ ಎತ್ತರದ ರಸ್ತೆಗಳಲ್ಲಿ ಹಲವು ಇನ್ನೂ ಹಿಮದಿಂದ ಮುಚ್ಚಿರುತ್ತವೆ. ಅವರ ಬೇಸಿಗೆ ಜೂನ್‌ನಿಂದ ಆಗಸ್ಟ್‌ವರೆಗೆ. ಅದರಲ್ಲೂ ಜುಲೈ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ಅಲ್ಲಿನವರೇ ಮಕ್ಕಳು ಮರಿ ಕಟ್ಟಿಕೊಂಡು ರಜೆಗೆ ಹೊರಡುತ್ತಾರೆ. ಆಗಸ್ಟ್ 15 ಇಟಲಿಯಲ್ಲಿ ಫೆರ್ರಗೊಸ್ತೊ ಹಬ್ಬ. ಅದರ ಆಸುಪಾಸಿನ ವಾರಗಳಲ್ಲಿ ಕಡಲತೀರ, ಬೆಟ್ಟದ ಊರುಗಳು ತುಂಬಿ ತುಳುಕುತ್ತವೆ, ಕೋಣೆಯ ಬಾಡಿಗೆ ಗಗನಕ್ಕೇರುತ್ತದೆ.

ಶಾಲೆಯ ವೇಳಾಪಟ್ಟಿಗೆ ಕಟ್ಟುಬೀಳದ ದಂಪತಿಗೆ, ಹೊಸದಾಗಿ ಮದುವೆಯಾದವರಿರಲಿ, ನಿವೃತ್ತರಿರಲಿ, ಜೂನ್‌ನ ಎರಡು ಮೂರನೇ ವಾರ ಅಥವಾ ಸೆಪ್ಟೆಂಬರ್‌ನ ಮೊದಲ ಭಾಗ ಹೇಳಿ ಮಾಡಿಸಿದ ಕಾಲ. ಜೂನ್ ಮಧ್ಯದಲ್ಲಿ ಮ್ಯೂನಿಕ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ. ಹದಿನಾರು ಗಂಟೆಗಳ ಬೆಳಕು ಇರುವಾಗ ಹೊಸ ರಸ್ತೆಯಲ್ಲಿ ಕತ್ತಲಾಗುವ ಮುಂಚೆ ಊರು ಸೇರಬೇಕೆಂಬ ಧಾವಂತವೇ ಇರುವುದಿಲ್ಲ.

ವೀಸಾ: ಸಡಿಲ ಪ್ರವಾಸದ ಗಟ್ಟಿ ಕಾಗದ

ಲಕ್ಸೆಂಬರ್ಗ್‌ನ ಮೊಸೆಲ್ ನದಿಯ ದಂಡೆಯಲ್ಲಿ ಷೆಂಗೆನ್ ಎಂಬ ಪುಟ್ಟ ಊರಿದೆ. 1985ರ ಜೂನ್ 14ರಂದು ಅಲ್ಲಿ, ನದಿಯಲ್ಲಿ ನಿಂತ ಹಡಗೊಂದರ ಮೇಲೆ, ಐದು ದೇಶಗಳು ಗಡಿ ತಪಾಸಣೆ ತೆಗೆದುಹಾಕುವ ಒಪ್ಪಂದಕ್ಕೆ ಸಹಿ ಹಾಕಿದವು. ಇಂದು ಆ ಕೂಟದಲ್ಲಿ 29 ದೇಶಗಳಿವೆ. ಕ್ರೊಯೇಷ್ಯಾ 2023ರಲ್ಲಿ ಸೇರಿತು. ಬಲ್ಗೇರಿಯ, ರೊಮೇನಿಯಾಗಳ ರಸ್ತೆಗಡಿಗಳು 2025ರ ಜನವರಿ 1ರಂದು ತೆರೆದವು. ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದಲ್ಲಿ ಇಲ್ಲದಿದ್ದರೂ ಷೆಂಗೆನ್ ಒಳಗಿದೆ. ಒಂದು ವೀಸಾದಲ್ಲಿ ಇಷ್ಟೂ ಕಡೆ, ಯಾವುದೇ 180 ದಿನಗಳಲ್ಲಿ ಗರಿಷ್ಠ 90 ದಿನ ಇರಬಹುದು. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದ ಹೊಸ ಗಡಿ ವ್ಯವಸ್ಥೆಯಲ್ಲಿ ಪಾಸ್‌ಪೋರ್ಟ್ ಮುದ್ರೆಯ ಬದಲು ಮುಖ, ಬೆರಳಚ್ಚು ದಾಖಲಾಗುತ್ತವೆ. ದಿನಗಳ ಲೆಕ್ಕವನ್ನು ಕಂಪ್ಯೂಟರೇ ಇಡುತ್ತದೆ.

ಶುಲ್ಕ 2024ರ ಜೂನ್‌ನಿಂದ ವಯಸ್ಕರಿಗೆ 90 ಯೂರೊ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಹೊರಡುವ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ತೀರ ತಡವೆಂದರೆ ಹದಿನೈದು ದಿನ ಮುಂಚೆ. ತೀರ್ಮಾನಕ್ಕೆ ಸಾಮಾನ್ಯವಾಗಿ ಹದಿನೈದು ದಿನ, ಕೆಲವೊಮ್ಮೆ 45 ದಿನ ಹಿಡಿಯುತ್ತದೆ. ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವ ಪ್ರವಾಸ ವಿಮೆ ಕಡ್ಡಾಯ.

ತಮಗಿಷ್ಟ ಬಂದ ಹಾಗೆ ತಿರುಗಬೇಕೆನ್ನುವವರು ತೊಡಕಿಗೆ ಸಿಕ್ಕುವುದು ಇಲ್ಲೇ. ವೀಸಾ ಅಧಿಕಾರಿ ಕೇಳುವುದು ಪ್ರತಿ ರಾತ್ರಿ ಎಲ್ಲಿರುತ್ತೀರಿ ಎಂಬ ಪಟ್ಟಿಯನ್ನು. ನಕಲಿ ಬುಕಿಂಗ್ ಚೀಟಿ ಮಾಡಿಕೊಡುವವರೂ ಇದ್ದಾರೆ. ಆ ದಾರಿ ಖಂಡಿತ ಬೇಡ. ಅರ್ಜಿ ತಿರಸ್ಕೃತವಾದರೆ ಮುಂದಿನ ಪ್ರತಿ ವೀಸಾ ಅರ್ಜಿಯಲ್ಲೂ ಅದಕ್ಕೆ ಉತ್ತರ ಕೊಡುತ್ತಿರಬೇಕು. ನಿಜವಾಗಿ ಹೋಗಬೇಕೆಂದಿರುವ ಊರುಗಳಲ್ಲಿ, ಕೊನೆಯ ಕೆಲವು ದಿನಗಳವರೆಗೂ ಹಣ ಕಳೆಯದೆ ರದ್ದುಮಾಡಬಹುದಾದ ಕೋಣೆಗಳನ್ನು ಕಾದಿರಿಸಿ. ವೀಸಾ ಬಂದ ಮೇಲೆ ಒಂದೆರಡು ರಾತ್ರಿ ಹಿಂದೆ ಮುಂದೆ ಮಾಡಿಕೊಂಡರೆ ತಪ್ಪಿಲ್ಲ. ಆದರೆ ಅರ್ಜಿ ಸಲ್ಲಿಸಬೇಕಾದದ್ದು ಹೆಚ್ಚು ರಾತ್ರಿ ಕಳೆಯುವ ದೇಶಕ್ಕೆ. ರಾತ್ರಿಗಳು ಸಮನಾದರೆ ಮೊದಲು ಕಾಲಿಡುವ ದೇಶಕ್ಕೆ. ಆ ಮುಖ್ಯ ದೇಶ ಬದಲಾಗಬಾರದು. ಎರಡು ಮೂರು ದೇಶಗಳಷ್ಟೇ ಇದ್ದಾಗ ಇದು ಸುಲಭ, ಏಳು ದೇಶಗಳಿದ್ದಾಗ ತಲೆನೋವು.

ಲಂಡನ್ನಿನ ಮಾತನ್ನೂ ಹೇಳಲೇಬೇಕು. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯನ್ನು ನೋಡುವ ಆಸೆ ಯಾವ ಕನ್ನಡಿಗರಿಗಿಲ್ಲ? ಆದರೆ ಬ್ರಿಟನ್ ಷೆಂಗೆನ್ ಹೊರಗಿದೆ. ಪ್ರತ್ಯೇಕ ವೀಸಾ, ಪ್ರತ್ಯೇಕ ಶುಲ್ಕ, ಬೇರೆ ನಾಣ್ಯ. ಖರ್ಚಿನ ಮಿತಿಯಲ್ಲಿ ಹೊರಟವರು ಅದನ್ನು ಇನ್ನೊಂದು ಪ್ರವಾಸಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು.

ಜಯನಗರದ ಆರ್‌ಟಿಒದಿಂದ ಕಾರಿನ ಕೀಲಿಯವರೆಗೆ

ನಮ್ಮ ಡ್ರೈವಿಂಗ್ ಲೈಸೆನ್ಸ್ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಅಂದರೆ ಐಡಿಪಿ ಬೇಕು. ನಮ್ಮ ಭಾಗದವರಿಗೆ ಅದನ್ನು ಕೊಡುವುದು ಕೆಎ-05, ಜಯನಗರದ ಆರ್‌ಟಿಒ. ಅರ್ಜಿ ನಮೂನೆ 4ಎ, ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ತುಂಬಿ, ಪಾಸ್‌ಪೋರ್ಟ್, ವೀಸಾ, ಟಿಕೆಟ್ ಪ್ರತಿಗಳನ್ನು ಜೊತೆಗಿಟ್ಟುಕೊಳ್ಳಿ. ಐಡಿಪಿ ಒಂದೇ ಸಾಲದು. ಮೂಲ ಲೈಸೆನ್ಸ್ ಕಾರ್ಡೂ ಜೇಬಿನಲ್ಲಿರಬೇಕು. ಇಬ್ಬರಿಗೂ ಓಡಿಸಲು ಬರುವುದಾದರೆ ಇಬ್ಬರೂ ಮಾಡಿಸಿ. ಎರಡನೆಯ ಚಾಲಕರಿಗೆ ಬಾಡಿಗೆ ಕಂಪನಿಗಳು ಹೆಚ್ಚುವರಿ ಹಣ ಕೇಳುತ್ತವೆ. ಆ ಹಣ ದಂಡವೆನಿಸಬಾರದು. ಒಬ್ಬರು ದಣಿದಾಗ ಇನ್ನೊಬ್ಬರು ಸ್ಟೀರಿಂಗ್ ಹಿಡಿಯುವುದೇ ದೊಡ್ಡ ವಿಮೆ.

ಕಾರನ್ನು ಹಿಡಿದ ಊರಿನಲ್ಲೇ ಬಿಡಿ. ಒಂದು ದೇಶದಲ್ಲಿ ಹಿಡಿದು ಇನ್ನೊಂದರಲ್ಲಿ ಬಿಟ್ಟರೆ ಅದರ ಶುಲ್ಕವೇ ಹಲವು ದಿನಗಳ ಬಾಡಿಗೆಯಷ್ಟಾಗಬಹುದು. ಗಡಿ ದಾಟುವುದನ್ನು ಮೊದಲೇ ತಿಳಿಸಿ, ಒಪ್ಪಿಗೆ ಬರವಣಿಗೆಯಲ್ಲಿರಲಿ. ಮುಂಗಡ ಠೇವಣಿ ಹಿಡಿಯಲು ಚಾಲಕರ ಹೆಸರಿನಲ್ಲೇ ಇರುವ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ಗೇರ್ ಇರುವ ಕಾರು ಆಟೊಮ್ಯಾಟಿಕ್‌ಗಿಂತ ಅಗ್ಗ. ಆದರೆ ಅಲ್ಲಿ ಸ್ಟೀರಿಂಗ್ ಎಡಕ್ಕೆ, ಗೇರ್ ಬಲಗೈಗೆ, ಓಡಿಸುವುದು ರಸ್ತೆಯ ಬಲಬದಿಯಲ್ಲಿ. ಮೂರನ್ನೂ ಒಟ್ಟಿಗೆ ಕಲಿಯುವ ಬದಲು ಮೊದಲ ಸಲ ಆಟೊಮ್ಯಾಟಿಕ್ ತೆಗೆದುಕೊಳ್ಳುವುದೇ ಜಾಣತನ. ಮೂರು ವಾರ ದಾಟಿದ ಪ್ರವಾಸವಾದರೆ, ಐರೋಪ್ಯ ಒಕ್ಕೂಟದ ಹೊರಗಿನವರಿಗೆಂದೇ ಫ್ರೆಂಚ್ ಕಾರು ಕಂಪನಿಗಳು ನಡೆಸುವ ಗುತ್ತಿಗೆ ಯೋಜನೆಯನ್ನೂ ವಿಚಾರಿಸಿ. ಕೆಂಪು ನಂಬರ್ ಪ್ಲೇಟಿನ ಹೊಸ ಕಾರು, ಪೂರ್ಣ ವಿಮೆಯೊಂದಿಗೆ ಸಿಗುತ್ತದೆ.

ಮ್ಯೂನಿಕ್‌ನಿಂದ ಮ್ಯೂನಿಕ್‌ಗೆ

ಬೆಂಗಳೂರಿನ ದಂಪತಿಯ ಮೊದಲ ಸಲಕ್ಕೆ ನಾನು ಹೇಳುವ ಸುತ್ತು ಇದು: ಮ್ಯೂನಿಕ್, ಸಾಲ್ಜ್‌ಬರ್ಗ್, ಗ್ರೋಸ್‌ಗ್ಲಾಕ್ನರ್ ಘಟ್ಟ, ಲೀಂಜ್, ಇಟಲಿಯ ಡೊಲೊಮೈಟ್ಸ್, ಬೊಲ್ಜಾನೊ, ಇನ್ಸ್‌ಬ್ರುಕ್, ಫ್ಯೂಸೆನ್, ಮರಳಿ ಮ್ಯೂನಿಕ್. ಮೂರು ದೇಶ, ಎರಡು ವಾರ, ಸುಮಾರು 850 ಕಿಲೋಮೀಟರ್. ಅಡ್ಡದಾರಿಗಳನ್ನೆಲ್ಲ ಸೇರಿಸಿದರೂ ಬೆಂಗಳೂರಿನಿಂದ ಬೆಳಗಾವಿಗೆ ಹೋಗಿ ಬಂದದ್ದಕ್ಕಿಂತ ಬಹಳ ಹೆಚ್ಚಾಗದು.

ಇಳಿದ ದಿನವೇ ಕಾರು ಮುಟ್ಟಬೇಡಿ. ರಾತ್ರಿಯ ವಿಮಾನ, ಬೇಸಿಗೆಯಲ್ಲಿ ಮೂರೂವರೆ ಗಂಟೆಯ ಸಮಯ ವ್ಯತ್ಯಾಸ, ಜೊತೆಗೆ ಬಲಬದಿಯ ರಸ್ತೆ. ಮೂರೂ ಕೂಡಿದರೆ ಅಪಾಯ. ವಿಮಾನ ನಿಲ್ದಾಣದಿಂದ ಎಸ್-ಬಾನ್ ರೈಲು ಹಿಡಿದು ಊರು ಸೇರಿ, ಎರಡು ರಾತ್ರಿ ಅಲ್ಲಿದ್ದು ನಡೆದಾಡಿ, ಮೂರನೆಯ ಬೆಳಿಗ್ಗೆ ಕಾರು ತೆಗೆದುಕೊಳ್ಳಿ. ಎರಡು ದಿನದ ಬಾಡಿಗೆಯೂ ಉಳಿಯಿತು, ನಗರದ ದುಬಾರಿ ಪಾರ್ಕಿಂಗೂ ಉಳಿಯಿತು.

ಈ ಸುತ್ತಿನ ತಿರುಳು ಗ್ರೋಸ್‌ಗ್ಲಾಕ್ನರ್ ರಸ್ತೆ. 1930ರಲ್ಲಿ ಕೆಲಸ ಶುರುವಾಗಿ 1935ರ ಆಗಸ್ಟ್‌ನಲ್ಲಿ ತೆರೆದ, ಎಂಜಿನಿಯರ್ ಫ್ರಾಂಜ್ ವಾಲ್ಲಾಕ್ ರೂಪಿಸಿದ ಈ ದಾರಿ 48 ಕಿಲೋಮೀಟರ್ ಉದ್ದವಿದೆ, 36 ಹೇರ್‌ಪಿನ್ ತಿರುವುಗಳಿವೆ, 2,504 ಮೀಟರ್ ಎತ್ತರದವರೆಗೆ ಏರುತ್ತದೆ. ಪ್ರತಿ ತಿರುವಿಗೂ ಸಂಖ್ಯೆಯ ಫಲಕವಿದೆ. ಕಾರಿಗೆ ಒಂದು ದಿನದ ಟಿಕೆಟ್ 40 ಯೂರೊ ದಾಟುತ್ತದೆ. ಹಾಗಾಗಿ ಬೆಳಿಗ್ಗೆಯೇ ಹೊರಟು ಇಡೀ ದಿನವನ್ನು ಅದಕ್ಕೇ ಕೊಡಿ. ಕವಲುದಾರಿಯೊಂದು 2,369 ಮೀಟರ್ ಎತ್ತರದ ಫ್ರಾಂಜ್ ಯೋಸೆಫ್ಸ್ ಹ್ಯೋಹೆಗೆ ಒಯ್ಯುತ್ತದೆ. ಅಲ್ಲಿ ನಿಂತರೆ ಎದುರಿಗೆ 3,798 ಮೀಟರ್‌ನ ಶಿಖರ, ಕೆಳಗೆ ವರ್ಷವರ್ಷವೂ ಕರಗಿ ಹಿಂದೆ ಸರಿಯುತ್ತಿರುವ ಪಾಸ್ಟೆರ್ಜೆ ಹಿಮನದಿ. ಆಗುಂಬೆ, ಚಾರ್ಮಾಡಿ ಇಳಿದು ಅಭ್ಯಾಸವಿರುವವರಿಗೆ ಇಲ್ಲಿ ಹೊಸದಾಗಿ ಕಲಿಯುವುದೇನಿಲ್ಲ: ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇರದೆ ಕೆಳಗಿನ ಗೇರ್‌ನಲ್ಲಿ ಎಂಜಿನ್ನಿನ ಹಿಡಿತದಲ್ಲೇ ಇಳಿಸಬೇಕು. ಆಟೊಮ್ಯಾಟಿಕ್ ಕಾರುಗಳಲ್ಲೂ ಅದಕ್ಕೆ ವ್ಯವಸ್ಥೆ ಇರುತ್ತದೆ, ಹೊರಡುವ ಮುನ್ನ ಕೇಳಿ ತಿಳಿದುಕೊಳ್ಳಿ.

ಗಡಿ ದಾಟಿ ಡೊಲೊಮೈಟ್ಸ್‌ಗೆ ಬಂದ ಮೇಲೆ ಕನಿಷ್ಠ ನಾಲ್ಕು ರಾತ್ರಿ ಒಂದೇ ಊರಿನಲ್ಲಿರಿ. 2009ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಬೆಟ್ಟಗಳಲ್ಲಿ ಕಾರಿಗಿಂತ ಕಾಲಿಗೆ ಕೆಲಸ ಹೆಚ್ಚು. ಈ ಸುತ್ತಿನಲ್ಲಿ ಬರುವ ದಕ್ಷಿಣ ಟಿರೋಲ್ ಪ್ರಾಂತ್ಯದ ಹಲವು ವಸತಿಗೃಹಗಳು ಅತಿಥಿಗಳಿಗೆ ಗೆಸ್ಟ್ ಪಾಸ್ ಕೊಡುತ್ತವೆ. ಅದನ್ನು ತೋರಿಸಿದರೆ ಪ್ರಾಂತ್ಯದ ಬಸ್ಸು, ಸ್ಥಳೀಯ ರೈಲುಗಳಲ್ಲಿ ಓಡಾಟ ಉಚಿತ. ಕಾರು ಅಂಗಳದಲ್ಲಿರಲಿ. ಬ್ರೈಯೆಸ್ ಸರೋವರದಂಥ ಹೆಸರುವಾಸಿ ಜಾಗಗಳಿಗೆ ಬೇಸಿಗೆಯ ದಟ್ಟಣೆಯ ದಿನಗಳಲ್ಲಿ ಮುಂಗಡ ಕಾದಿರಿಸದ ಕಾರುಗಳನ್ನು ಬಿಡುವುದೂ ಇಲ್ಲ. ಮಳೆ ಬಂದ ದಿನ ಬೊಲ್ಜಾನೊದ ವಸ್ತುಸಂಗ್ರಹಾಲಯಕ್ಕೆ ಹೋಗಿ. 1991ರಲ್ಲಿ ಹಿಮದಡಿ ಸಿಕ್ಕ, ಐದು ಸಾವಿರ ವರ್ಷಕ್ಕೂ ಹಳೆಯ ಮನುಷ್ಯ ‘ಓಟ್ಜಿ’ ಅಲ್ಲಿದ್ದಾನೆ. ಅವನ ಬೂಟು, ಬಿಲ್ಲು, ತಾಮ್ರದ ಕೊಡಲಿಯೂ ಇವೆ.

ಹಣ ಹೋಗುವುದೆಲ್ಲಿ?

ಲೆಕ್ಕದ ಅನುಕೂಲಕ್ಕೆ ಯೂರೊವನ್ನು ನೂರು ರೂಪಾಯಿ ಎಂದುಕೊಳ್ಳೋಣ. ಅಡ್ಡದಾರಿಗಳೂ ಸೇರಿ 1,200 ಕಿಲೋಮೀಟರ್ ಓಡಿಸಿ, ಲೀಟರಿಗೆ 15 ಕಿಲೋಮೀಟರ್ ಬಂದರೆ 80 ಲೀಟರ್ ಪೆಟ್ರೋಲ್. ಲೀಟರಿಗೆ 1.75 ಯೂರೊ ಹಿಡಿದರೆ 140 ಯೂರೊ, ಅಂದರೆ 14,000 ರೂಪಾಯಿ. ರಾತ್ರಿಗೆ 80 ಯೂರೊ ಕೋಣೆಯಂತೆ 14 ರಾತ್ರಿಗೆ 1,120 ಯೂರೊ, ಅಂದರೆ 1,12,000 ರೂಪಾಯಿ. ಪೆಟ್ರೋಲಿನ ಎಂಟು ಪಟ್ಟು! ಉಳಿತಾಯ ಹುಡುಕಬೇಕಾದದ್ದು ಮಲಗುವ ಜಾಗದಲ್ಲಿ.

ಸಾಲ್ಜ್‌ಬರ್ಗ್‌ನ ನಡುಮಧ್ಯದ ಬದಲು ಅರ್ಧ ಗಂಟೆ ದೂರದ ಹಳ್ಳಿಯಲ್ಲಿ ಇಳಿದುಕೊಂಡರೆ ಬಾಡಿಗೆ ಇಳಿಯುತ್ತದೆ, ಪಾರ್ಕಿಂಗ್ ಬಿಟ್ಟಿ ಸಿಗುತ್ತದೆ. ಊರಂಚಿನ ‘ಪಾರ್ಕ್ ಅಂಡ್ ರೈಡ್’ ನಿಲ್ದಾಣದಲ್ಲಿ ಕಾರು ನಿಲ್ಲಿಸಿ ಬಸ್ಸಿನಲ್ಲಿ ನಗರ ನೋಡಿ ಬನ್ನಿ. ಆಸ್ಟ್ರಿಯಾದ ರೈತರ ಮನೆಗಳಲ್ಲಿ, ಇಟಲಿಯ ‘ಅಗ್ರಿತುರಿಸ್ಮೊ’ ತೋಟದ ಮನೆಗಳಲ್ಲಿ ಕೋಣೆ ಕೊಡುತ್ತಾರೆ. ಅಡುಗೆಮನೆ ಇರುವ ರಜೆಯ ಮನೆಗಳು ಸಾಮಾನ್ಯವಾಗಿ ಮೂರು ನಾಲ್ಕು ರಾತ್ರಿಗೆ ಕಡಿಮೆ ಕೊಡುವುದಿಲ್ಲ. ಶುಚಿಗೊಳಿಸುವ ಶುಲ್ಕ ಒಂದೇ ಸಲದ್ದಾದ್ದರಿಂದ ಹೆಚ್ಚು ದಿನ ಇದ್ದಷ್ಟೂ ಅಗ್ಗ. ಕಡಿಮೆ ಊರು, ಹೆಚ್ಚು ದಿನ ಎಂಬ ಮಾತಿಗೆ ಹಣದ ಲೆಕ್ಕವೂ ಹೀಗೆ ಜೊತೆ ನಿಲ್ಲುತ್ತದೆ.

ವಿದೇಶ ಪ್ಯಾಕೇಜ್ ಕೊಂಡರೆ ಮೊದಲ ರೂಪಾಯಿಯಿಂದಲೇ ಟಿಸಿಎಸ್ ಎಂಬ ತೆರಿಗೆ ಕಟ್ಟಬೇಕು. ಸ್ವತಃ ಕೊಳ್ಳುವ ವಿದೇಶಿ ವಿನಿಮಯಕ್ಕೆ 2025ರ ಏಪ್ರಿಲ್‌ನಿಂದ ವರ್ಷಕ್ಕೆ ಹತ್ತು ಲಕ್ಷದವರೆಗೆ ಅದು ಇಲ್ಲ. ಕಾರ್ಡ್ ಉಜ್ಜುವಾಗ ಯಂತ್ರ ‘ರೂಪಾಯಿಯೋ, ಯೂರೊವೋ’ ಎಂದು ಕೇಳಿದರೆ ಯೂರೊವನ್ನೇ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ ದರಕ್ಕೆ ತಲೆಬಾಗಬೇಕಾಗುತ್ತದೆ.

ರಸ್ತೆಯ ರೀತಿ ನೀತಿ

ಜರ್ಮನಿಯಲ್ಲಿ ಕಾರುಗಳಿಗೆ ಟೋಲ್ ಇಲ್ಲ. ಆಸ್ಟ್ರಿಯಾದ ಹೆದ್ದಾರಿಗೆ ‘ವಿನ್ಯೆಟ್’ ಎಂಬ ಚೀಟಿ ಬೇಕು. ಹತ್ತು ದಿನದ್ದು ಸುಮಾರು 13 ಯೂರೊ, ಗಡಿಗೆ ಮುಂಚೆ ಪೆಟ್ರೋಲ್ ಬಂಕ್‌ಗಳಲ್ಲೇ ಸಿಗುತ್ತದೆ. ಬ್ರೆನ್ನರ್ ಹೆದ್ದಾರಿಗೆ ಪ್ರತ್ಯೇಕ ಟೋಲ್. ಪಕ್ಕದಲ್ಲೇ ಹಳ್ಳಿಗಳ ನಡುವೆ ಸಾಗುವ ಹಳೆಯ ರಸ್ತೆಗೆ ಕಾಸಿಲ್ಲ, ನೋಟವೂ ಚೆಂದ. ಇಟಲಿಯಲ್ಲಿ ಹೆದ್ದಾರಿಗೆ ಹತ್ತುವಾಗ ಟಿಕೆಟ್ ತೆಗೆದುಕೊಂಡು ಇಳಿಯುವಾಗ ಹಣ ಕಟ್ಟಬೇಕು. ಹಳದಿ ಫಲಕದ ಟೆಲಿಪಾಸ್ ಸಾಲಿಗೆ ನುಗ್ಗಬೇಡಿ, ಅದು ಅಲ್ಲಿನ ಫಾಸ್ಟ್ಯಾಗ್.

ಇಟಲಿಯ ಹಳೆಯ ಊರುಗಳ ಒಳಭಾಗದಲ್ಲಿ ಇನ್ನೊಂದು ಎಚ್ಚರ ಬೇಕು. ಬಿಳಿ ವೃತ್ತ, ಸುತ್ತ ಕೆಂಪು ಅಂಚು, ಜೊತೆಗೆ ‘ಜೊನಾ ಟ್ರಾಫಿಕೊ ಲಿಮಿಟಾಟೊ’ ಎಂದಿದ್ದರೆ ಅದು ಸ್ಥಳೀಯರಿಗಷ್ಟೇ ಮೀಸಲಾದ ರಸ್ತೆ. ಪೊಲೀಸರು ತಡೆಯುವುದಿಲ್ಲ. ಕ್ಯಾಮೆರಾ ನಂಬರ್ ಹಿಡಿಯುತ್ತದೆ, ತಿಂಗಳುಗಳ ನಂತರ ದಂಡದ ನೋಟಿಸು, ಅದರ ಮೇಲೆ ಬಾಡಿಗೆ ಕಂಪನಿಯ ನಿರ್ವಹಣಾ ಶುಲ್ಕ ಮನೆಗೆ ಬರುತ್ತವೆ. ಹೋಟೆಲ್ ಅಂಥ ವಲಯದೊಳಗಿದ್ದರೆ ಕಾರು ಒಳತರಲು ಅನುಮತಿ ಇದೆಯೇ ಎಂದು ಮೊದಲೇ ಕೇಳಿ.

ಇನ್ನು ವೃತ್ತಗಳು. ನೆಟ್ಟಕಲ್ಲಪ್ಪ ಸರ್ಕಲ್‌ನಲ್ಲಿ ನಾವು ಗಡಿಯಾರದ ಮುಳ್ಳು ಸುತ್ತುವ ದಿಕ್ಕಿನಲ್ಲಿ ಸುತ್ತುತ್ತೇವೆ. ಅಲ್ಲಿ ಅದಕ್ಕೆ ವಿರುದ್ಧ. ಎಡದಿಂದ ಬರುವವರಿಗೆ ದಾರಿ ಬಿಟ್ಟು ಒಳಹೋಗಬೇಕು. ಫಲಕವಿಲ್ಲದ ಚಿಕ್ಕ ಕೂಡುರಸ್ತೆಗಳಲ್ಲಿ ಬಲದಿಂದ ಬರುವವರಿಗೇ ಮೊದಲ ಹಕ್ಕು. ಜರ್ಮನಿ, ಆಸ್ಟ್ರಿಯಾದ ಹೆದ್ದಾರಿಯಲ್ಲಿ ವಾಹನಗಳು ನಿಂತುಬಿಟ್ಟರೆ ಎಡ ಸಾಲಿನವರು ಎಡಕ್ಕೆ, ಉಳಿದವರು ಬಲಕ್ಕೆ ಸರಿದು ನಡುವೆ ಆಂಬುಲೆನ್ಸ್‌ಗೆ ಓಣಿ ಬಿಡುವುದು ಕಾನೂನು. ನಮ್ಮ ಊರಿನಲ್ಲಿ ಸೈರನ್ ಕೂಗಿಕೊಂಡು ಸಿಕ್ಕಿಬಿದ್ದ ಆಂಬುಲೆನ್ಸ್‌ಗಳನ್ನು ದಿನವೂ ನೋಡುವ ನಾವು ಅಲ್ಲಿಂದ ಕಲಿತು ತರಬೇಕಾದ ಶಿಸ್ತು ಇದ್ದರೆ ಇದೇ.

ಚಟ್ನಿಪುಡಿ ಇರಲಿ, ತುಪ್ಪ ಬೇಡ

ಗಾಂಧಿ ಬಜಾರಿನಿಂದ ಚಟ್ನಿಪುಡಿ, ಹುರಿಗಾಳು, ಅವಲಕ್ಕಿ, ಪುಳಿಯೋಗರೆ ಗೊಜ್ಜು ಕಟ್ಟಿಕೊಳ್ಳಿ. ಮಾಂಸ, ಹಾಲಿನ ಉತ್ಪನ್ನಗಳನ್ನು ಹೊರಗಿನಿಂದ ತರುವುದಕ್ಕೆ ಐರೋಪ್ಯ ಒಕ್ಕೂಟದ ನಿಷೇಧವಿದೆ, ಹಾಗಾಗಿ ತುಪ್ಪದ ಡಬ್ಬಿ ಮನೆಯಲ್ಲೇ ಇರಲಿ. ಹಸಿ ಕರಿಬೇವು, ಹಸಿಮೆಣಸಿನಕಾಯಿಯಂಥ ತಾಜಾ ಸೊಪ್ಪು ತರಕಾರಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಪ್ರವೇಶವಿಲ್ಲ. ಅಕ್ಕಿ, ಮೊಸರು, ತರಕಾರಿ ಅಲ್ಲಿನ ಲಿಡ್ಲ್, ಆಲ್ಡಿಯಂಥ ಅಂಗಡಿಗಳಲ್ಲಿ ಸಿಗುತ್ತವೆ. ಜರ್ಮನಿ, ಆಸ್ಟ್ರಿಯಾದಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವೇ ಸಾಮಾನು ತಂದಿಡಿ. ರಾತ್ರಿ ಮನೆಯಲ್ಲಿ ಅನ್ನ, ಗೊಜ್ಜು, ಮೊಸರು ಉಂಡರೆ ಮಧ್ಯಾಹ್ನ ಅವರ ಊಟವನ್ನು ನಿಶ್ಚಿಂತೆಯಿಂದ ಸವಿಯಬಹುದು.

ಇಬ್ಬರ ನಡುವಿನ ಒಪ್ಪಂದ

ಎರಡು ವಾರ ಒಂದೇ ಕಾರಿನಲ್ಲಿ ಕೂರುವವರು ಕೆಲವನ್ನು ಮೊದಲೇ ಮಾತಾಡಿಕೊಳ್ಳಬೇಕು. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಚಾಲನೆ ಬೇಡ. ಓಡಿಸುವವರು ರಸ್ತೆ ನೋಡಲಿ, ದಾರಿ ಹೇಳುವ ಹೊಣೆ ಪಕ್ಕದವರದು. ಮೊದಲ ದಿನಗಳಲ್ಲಿ ಪ್ರತಿ ತಿರುವಿನಲ್ಲೂ ‘ರೀ, ಬಲಕ್ಕೇ ಇರಿ’ ಎಂದು ಹೇಳುವುದು ಕಿರಿಕಿರಿಯಲ್ಲ, ಕಾಪಾಡುವ ಮಾತು. ಹಣದ ಲೆಕ್ಕ ದಿನಕ್ಕೊಬ್ಬರು ಬರೆಯಲಿ. ನೋಡಲೇಬೇಕಾದ ಮೂರು ಜಾಗಗಳನ್ನು ಒಬ್ಬೊಬ್ಬರೂ ಬೇರೆ ಬೇರೆಯಾಗಿ ಬರೆದು, ಆಮೇಲೆ ಪಟ್ಟಿಗಳನ್ನು ಕೂಡಿಸಿ. ಆ ಆರು ಜಾಗಗಳು ಖಚಿತ, ಉಳಿದದ್ದೆಲ್ಲ ಹವಾಮಾನ ಮತ್ತು ಮನಸ್ಸಿಗೆ ಬಿಟ್ಟದ್ದು.

ಮುಂದಿನ ಜೂನ್‌ಗೆ ಹೊರಡುವುದಾದರೆ ಡಿಸೆಂಬರ್‌ನಲ್ಲಿ ಪಾಸ್‌ಪೋರ್ಟ್ ತೆಗೆದು ನೋಡಿ: ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಮರಳುವ ದಿನದಿಂದ ಮುಂದೆ ಮೂರು ತಿಂಗಳು ಅವಧಿ ಇರಬೇಕು, ಎರಡು ಪುಟ ಖಾಲಿ ಇರಬೇಕು. ಜನವರಿಯಲ್ಲಿ ವಿಮಾನ, ರದ್ದುಮಾಡಬಹುದಾದ ಕೋಣೆ ಮತ್ತು ಕಾರು. ಫೆಬ್ರುವರಿ, ಮಾರ್ಚ್‌ನಲ್ಲಿ ವೀಸಾ. ಬೇಸಿಗೆ ಹತ್ತಿರವಾದಂತೆ ಅರ್ಜಿ ಕೇಂದ್ರದಲ್ಲಿ ದಿನಾಂಕ ಸಿಗುವುದೇ ಕಷ್ಟ. ಏಪ್ರಿಲ್‌ನಲ್ಲಿ ಐಡಿಪಿ. ಮೇ ತಿಂಗಳಲ್ಲಿ ಮಾಡುವ ಕೆಲಸ ಒಂದೇ: ಬರೆದಿಟ್ಟ ಊರುಗಳ ಪಟ್ಟಿಯನ್ನು ಇಬ್ಬರೂ ಕೂತು ಇನ್ನೊಮ್ಮೆ ಓದಿ, ಎರಡು ಊರುಗಳನ್ನು ಹೊಡೆದುಹಾಕಿ. ಉಳಿದ ಊರುಗಳಿಗೆ ಆ ದಿನಗಳನ್ನು ಹಂಚಿ. ಅಲ್ಲಿಗೆ ತಲುಪಿದ ಮೇಲೆ ಆ ದಿನಗಳ ಬೆಲೆ ತಿಳಿಯುತ್ತದೆ.